ಮೊದಲು ಪರದೆ ಆಫ್ ಮಾಡಿ: ಗ್ಯಾರೇಜಿನಲ್ಲಿ ಹಾರಾಟ ಕಲಿಸಿದ ನನ್ನ ಅನುಭವ

ಗ್ಯಾರೇಜಿನಲ್ಲಿ ಹಲಗೆ ಜೋಡಿಸಿ ಪೈಲಟ್ ತಯಾರು ಮಾಡ್ತೀಯೇನಯ್ಯ ಎಂದು ನಕ್ಕಿದ್ದ ಹಳೆಯ ಸಹೋದ್ಯೋಗಿಗಳೇ ಈಗ ಪೆಡಲ್ ಅಳತೆ ಕಳಿಸು ಎನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು. ವಾಯುಪಡೆಗೆ ಪೈಲಟ್ ಆಗಿ ಆಯ್ಕೆಯಾದ ಹುಡುಗರಿಗೆ ಗ್ಯಾರೇಜಿನ ಅಣಕು ಕಾಕ್‌ಪಿಟ್ಟಿನಲ್ಲಿ ಹೇಗೆ ಕಲಿಸುತ್ತೇನೆ ಎಂದು ಒಂದೇ ಸಲ ಬರೆದುಬಿಡುತ್ತೇನೆ. ಸ್ಟಾಲ್ ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವುದು, ಸರ್ಕ್ಯೂಟ್ ಅಂದರೆ ಟೇಕಾಫ್ ಆಗಿ ರನ್‌ವೇ ಸುತ್ತಿ ಬಂದು ಇಳಿಯುವುದು. ಇದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಇದನ್ನು ಓದುವವರು ಒಂದೋ ಕಲಿಸಿದವರು, ಇಲ್ಲವೇ ಮನೆಯಲ್ಲಿ ಸಿಮ್ಯುಲೇಟರ್ ಕಟ್ಟಿ ಕೈ ಸುಟ್ಟುಕೊಂಡವರು.

ನಾನು ಚೆನ್ನೈ ಬಳಿಯ ತಾಂಬರಂನಲ್ಲಿರುವ ವಾಯುಪಡೆಯ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ಸ್ ಸ್ಕೂಲಿನಲ್ಲಿ ಕಲಿತು, ಎಚ್‌ಪಿಟಿ-32 ಮತ್ತು ಕಿರಣ್ ತರಬೇತಿ ವಿಮಾನಗಳಲ್ಲಿ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವನು. ಆ ಎರಡರಲ್ಲೂ ಸೀಟು ಅಕ್ಕಪಕ್ಕ. ಹುಡುಗನ ಕಣ್ಣು ಎಲ್ಲಿದೆ, ಕಾಲು ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್ ಮೇಲೆ ಕೆಲಸ ಮಾಡುತ್ತಿದೆಯೋ ಸುಮ್ಮನೆ ಬಿದ್ದಿದೆಯೋ, ಸ್ಟಿಕ್ಕನ್ನು ಕೋಳಿಯ ಕತ್ತು ಹಿಸುಕುವ ಹಾಗೆ ಹಿಡಿದಿದ್ದಾನೋ, ಎಲ್ಲ ಓರೆಗಣ್ಣಿಗೇ ಸಿಗುತ್ತಿತ್ತು. 2009ರ ಜುಲೈನಲ್ಲಿ ಒಂದು ಅಪಘಾತವಾದ ಮೇಲೆ ಎಚ್‌ಪಿಟಿ-32 ಹಾರಾಟ ನಿಂತಿತು. ಅಲ್ಲಿಂದ 2013ರಲ್ಲಿ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಪಿಸಿ-7 ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಬರುವ ತನಕ ಅಕ್ಷರಾಭ್ಯಾಸವೂ ಕಿರಣ್ ಜೆಟ್‌ನಲ್ಲೇ ಆಯಿತು. ಪಿಲಾಟಸ್ ಒಳ್ಳೆಯ ವಿಮಾನ, 75 ತರಿಸಿದರು. ಆದರೆ ಅದರಲ್ಲಿ ಸೀಟು ಹಿಂದೆ ಮುಂದೆ. ಹಿಂದೆ ಕೂತವನಿಗೆ ಕಾಣುವುದು ಹುಡುಗನ ಹೆಲ್ಮೆಟ್ಟಿನ ಹಿಂಭಾಗ ಮಾತ್ರ. ನಮ್ಮ ಎಚ್‌ಎಎಲ್‌ನ ಎಚ್‌ಟಿಟಿ-40 ಕೂಡ ಅದೇ ಜೋಡಣೆ. ಕಣ್ಣು ಮತ್ತು ಕಾಲಿನ ಕೆಟ್ಟ ಅಭ್ಯಾಸಗಳು ಹಿಡಿತಕ್ಕೆ ಸಿಗದೆ ಮುಂದಿನ ಹಂತಕ್ಕೆ ದಾಟಿಬಿಡುತ್ತವೆ ಎಂಬುದು ನನ್ನ ಅನುಮಾನ.

2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ, ವಾಯುಪಡೆಯ ಪೈಲಟ್ ತರಬೇತಿ ಕುರಿತ ಸಿಎಜಿ ವರದಿಯನ್ನು ನಮ್ಮವರೆಲ್ಲ ಓದಿರುತ್ತೀರಿ. 2015ರಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596 ಆಗಿತ್ತು. ವರದಿಯ ಲೆಕ್ಕದ 64 ಪಿಲಾಟಸ್‌ಗಳ ಪೈಕಿ 16ರಲ್ಲಿ ಎಂಜಿನ್ ಆಯಿಲ್ ಸೋರಿದ ವಿಷಯವೂ ಅದರಲ್ಲೇ ಇದೆ. ಈ ವರದಿ ಬಂದಾಗ ನಮ್ಮ ನಿವೃತ್ತರ ಕೂಟದಲ್ಲಿ ಎರಡು ರೌಂಡ್ ಕಾಫಿ ಮುಗಿಯುವುದರೊಳಗೆ ತೀರ್ಪೂ ಆಯಿತು: ಈಗಿನ ಹುಡುಗರೇ ಸರಿಯಿಲ್ಲ, ಬರೀ ವಿಡಿಯೋ ಗೇಮ್ ಗಿರಾಕಿಗಳು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ವಿಮಾನ ಕಮ್ಮಿ, ಇನ್‌ಸ್ಟ್ರಕ್ಟರ್ ಕಮ್ಮಿ ಆದ ಜಾಗದಲ್ಲಿ ಸಿಮ್ಯುಲೇಟರಿನ ಪರದೆ ಬಂದು ಕೂರುತ್ತದೆ. ಪರದೆ ಬೇಕು, ಆದರೆ ಎರಡನೆಯ ತಿಂಗಳಿಗೆ. ಮೊದಲ ದಿನವೇ ಅದರ ಮುಂದೆ ಕೂರಿಸಿದರೆ ಕಣ್ಣು ಒಳಗಿನ ಅಂಕಿಗಳಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಕೀಳಲು ಆಗುವುದಿಲ್ಲ.

ಇದು ನನಗೆ ಗೊತ್ತಾದದ್ದು ದುಡ್ಡು ಕೊಟ್ಟು. ಕೋವಿಡ್ ಕಾಲದಲ್ಲಿ ಮೂರು ಮಾನಿಟರ್, ಗೇಮಿಂಗ್ ಕಂಪ್ಯೂಟರ್, ಹೊರದೇಶದ ಸ್ಟಿಕ್ಕು, ಪೆಡಲ್ಲು ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಸುರಿದೆ. ಫ್ಲೈಯಿಂಗ್ ಬ್ರಾಂಚಿಗೆ ಆಯ್ಕೆಯಾಗಿ ಜಾಯಿನಿಂಗ್ ಪತ್ರಕ್ಕೆ ಕಾಯುತ್ತಿದ್ದ ಇಬ್ಬರು ಹುಡುಗರು ಬಂದರು. ಒಂದು ವಾರದಲ್ಲಿ ಲ್ಯಾಂಡಿಂಗ್ ಮಾಡಿ ತೋರಿಸಿದರು, ನಾನೂ ಉಬ್ಬಿದೆ. ಆಮೇಲೆ ಸ್ಪೀಡ್ ತೋರಿಸುವ ಮುಳ್ಳಿನ ಮೇಲೆ ಕಾಗದ ಅಂಟಿಸಿದೆ. ಇಬ್ಬರೂ ರನ್‌ವೇಗೆ ಅರ್ಧ ಕಿಲೋಮೀಟರ್ ಮೊದಲೇ ಬಿದ್ದರು. ಮೂಗು ದಿಗಂತಕ್ಕೆ ಎಷ್ಟು ಕೆಳಗಿದೆ ಎಂದು ಇಬ್ಬರೂ ಒಮ್ಮೆಯೂ ನೋಡಿರಲಿಲ್ಲ. ಕಾಲಂತೂ ಪೂರ್ತಿ ನಿದ್ದೆ. ಪ್ರೊಪೆಲ್ಲರ್ ವಿಮಾನದಲ್ಲಿ ಪವರ್ ಕೊಟ್ಟಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಕೇಳದೆಯೇ ಒತ್ತಬೇಕು. ಗೇಮ್‌ನಲ್ಲಿ ಬೆಳೆದವರು ಅದನ್ನೂ ಸ್ಟಿಕ್ಕಿನಲ್ಲೇ ತಿದ್ದುತ್ತಾರೆ.

ಹಾಗಾಗಿ ಮಾನಿಟರ್‌ಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಗುಜರಿಯಿಂದ ಎರಡು ಮಾರುತಿ ಓಮ್ನಿ ಸೀಟು ತಂದೆ, ಜೋಡಿಗೆ ಸಾವಿರದ ಚಿಲ್ಲರೆ. ಅಕ್ಕಪಕ್ಕ ಕೂರಿಸಿ ಬಿಗಿದೆ. ಎದುರಿಗೆ ಆರಡಿ ಅಗಲದ ಪ್ಲೈವುಡ್, ಮೇಲರ್ಧ ನೀಲಿ ಬಣ್ಣ, ಕೆಳಗರ್ಧ ಕಂದು. ಅದೇ ದಿಗಂತ. ಎರಡು ಬಾವಿ ರಾಟೆ, ನೈಲಾನ್ ಹಗ್ಗ. ಹಗ್ಗ ನನ್ನ ಕೈಯಲ್ಲಿ. ಹುಡುಗ ಸ್ಟಿಕ್ಕು ಎಡಕ್ಕೆ ಹಾಕಿದರೆ ನಾನು ಹಲಗೆಯನ್ನು ಬಲಕ್ಕೆ ವಾಲಿಸುತ್ತೇನೆ, ಮೂಗೆತ್ತಿದರೆ ಹಲಗೆ ಇಳಿಸುತ್ತೇನೆ. ಕಾಲು ಬಳಸದಿದ್ದರೆ ಇಡೀ ಹಲಗೆಯನ್ನು ಪಕ್ಕಕ್ಕೆ ಜಾರಿಸುತ್ತೇನೆ. ಕೂಟದ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು ನೋಡಿ, "ಏನಪ್ಪಾ, ರಿಟೈರ್ ಆದಮೇಲೆ ತೊಟ್ಟಿಲು ತೂಗೋ ಕೆಲಸ ಹಿಡಿದೆಯಾ?" ಅಂದ. ಅನ್ನಲಿ. ಹಗ್ಗ ಎಳೆಯುವವನು ಪಕ್ಕದಲ್ಲೇ ಕೂತಿರುವುದರಿಂದ ಹುಡುಗನ ಕಣ್ಣು, ಕೈ, ಕಾಲು ಮೂರೂ ಅವನಿಗೆ ಕಾಣುತ್ತವೆ. ಲಕ್ಷಗಟ್ಟಲೆಯ ಪರದೆ ಕೊಡದಿದ್ದದ್ದು ಅದೇ.

ಅದಕ್ಕೂ ಮೊದಲು ಒಂದು ಹತ್ತು ದಿನ ಹಲಗೆಯೂ ಇಲ್ಲ. ಕಣ್ಣು ಮುಚ್ಚಿ ಕೂತು ಪೂರ್ತಿ ಸರ್ಕ್ಯೂಟ್ ಬಾಯಲ್ಲಿ ಹಾರಬೇಕು. ಕೈ ಚಾಚಿ ಪ್ರತಿ ಸ್ವಿಚ್ಚಿನ ಜಾಗ ಮುಟ್ಟಬೇಕು, ರೇಡಿಯೋ ಕಾಲ್ ಗಟ್ಟಿಯಾಗಿ ಹೇಳಬೇಕು. ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ನಿಜವಾದ ಸರ್ಕ್ಯೂಟ್‌ಗೆ ಐದಾರು ನಿಮಿಷ ಹಿಡಿದರೆ ಹುಡುಗರು ಎರಡೇ ನಿಮಿಷದಲ್ಲಿ ಇಳಿದುಬಿಡುತ್ತಾರೆ. ಎಲ್ಲಿ ಓಡುತ್ತಾರೋ ಅಲ್ಲಿ ಅವರಿಗೆ ಪಾಠ ಬಂದಿಲ್ಲ ಎಂದರ್ಥ. ಬಹಳ ಮಂದಿ ಓಡುವುದು ಡೌನ್‌ವಿಂಡ್‌ನಿಂದ (ರನ್‌ವೇ ಪಕ್ಕದಲ್ಲೇ ಅದರ ಉಲ್ಟಾ ದಿಕ್ಕಿಗೆ ಹಾರುವ ಹಾದಿ) ಫೈನಲ್‌ಗೆ (ಇಳಿಯಲು ನೇರ ಬರುವ ಹಾದಿ) ತಿರುಗುವ ಕಡೆ. ಟೇಕಾಫ್ ಆದ ಕೂಡಲೇ ತೊಡೆ ತಟ್ಟಿ "ಎಂಜಿನ್ ಹೋಯಿತು" ಅಂದಾಗ ಬಾಯಿಂದ ಮೊದಲು "ಮೂಗು ಕೆಳಗೆ" ಬರಬೇಕು, ಕೈಯೂ ಜೊತೆಗೇ ಮುಂದಕ್ಕೆ ಹೋಗಬೇಕು. ಬಾಯಿ ಹೇಳಿ ಕೈ ಸುಮ್ಮನಿದ್ದರೆ ಮತ್ತೆ ಮೊದಲಿನಿಂದ.

ಹಲಗೆ ಬಂದಮೇಲೆ ಮೀಟರ್‌ಗಳೆಲ್ಲ ಮುಚ್ಚಿರುತ್ತವೆ, ಒಂದೊಂದಾಗಿ ತೆರೆಯುತ್ತೇನೆ. ಯಾವ ಕ್ರಮದಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಸ್ಪೀಡ್ ಕೊನೆಗೆ ಎಂದಷ್ಟೇ ಹೇಳುತ್ತೇನೆ. ಉಳಿದದ್ದು ಗ್ಯಾರೇಜಿಗೆ ಬಂದವರಿಗೆ.

ಪೆಡಲ್‌ಗಳ ಕತೆ ಬೇರೆ. ಹೊರದೇಶದ್ದು ಪ್ಲಾಸ್ಟಿಕ್ಕು, ಹದಿನಾಲ್ಕು ಸಾವಿರವೋ ಏನೋ ಕೊಟ್ಟಿದ್ದೆ, ಭಾರದ ಕಾಲು ಬಿದ್ದ ತಿಂಗಳಲ್ಲೇ ಪಿವಟ್ ಹತ್ತಿರ ಸೀಳಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಬ್ಬ ಲೇತ್‌ನವರ ಬಳಿ ಕಬ್ಬಿಣದ ಪಟ್ಟಿಯಲ್ಲಿ ಮಾಡಿಸಿದೆ. ಬುಷ್ ಸವೆದು ಲೊಡಲೊಡ ಎಂದಿತು. ಆಮೇಲೆ ಮೊಪೆಡ್ಡಿನ ಚಕ್ರದ ಬೇರಿಂಗ್ ಹಾಕಿಸಿದೆ, ಅದು ಇವತ್ತಿಗೂ ಅಲ್ಲಾಡಿಲ್ಲ. ಪೆಡಲ್ ಎಷ್ಟು ಒತ್ತಿದೆ ಎಂದು ಅಳೆಯುವ ಪೊಟೆನ್ಷಿಯೋಮೀಟರ್‌ಗೆ ಧೂಳು ಹೊಕ್ಕು ರೀಡಿಂಗ್ ಕುಣಿಯುತ್ತಿತ್ತು, ತೆಗೆದು ಹಾಲ್ ಸೆನ್ಸರ್ ಮತ್ತು ಪುಟ್ಟ ಮ್ಯಾಗ್ನೆಟ್ ಇಟ್ಟೆ, ಇನ್ನೂರು ರೂಪಾಯಿಯೊಳಗೆ ಮುಗಿಯಿತು. ಸ್ಪ್ರಿಂಗ್ ವಿಷಯದಲ್ಲಿ ಒಂದೇ ಸುಳಿವು: ಎಡಕ್ಕೂ ಬಲಕ್ಕೂ ಒಂದೇ ಬಿಗಿ ಇಡಬೇಡಿ. ಯಾಕೆ, ಎಷ್ಟು ಎಂದು ಕೇಳಬೇಡಿ. ಮೊದಲ ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ದಿಗಂತವೇ ಬಾಗಿತು, ವಾಟರ್‌ಪ್ರೂಫ್ ಹಲಗೆಗೆ ಮತ್ತೆ ನಾಲ್ಕು ಸಾವಿರ. ದಂಡವಾದದ್ದೂ ಸೇರಿ ಎರಡೂಮುಕ್ಕಾಲು ಲಕ್ಷದ ಹತ್ತಿರ ಹೋಗಿದೆ. ಆ ದುಡ್ಡಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಬಹುದಿತ್ತು ಎಂಬ ಮಾತು ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಬರುತ್ತದೆ. ಈಗ ಗೊತ್ತಿರುವುದನ್ನು ಇಟ್ಟುಕೊಂಡು ಕಟ್ಟಿದರೆ ನಲವತ್ತು ಸಾವಿರ ಸಾಕು.

ಫೀಸು ತಗೊಳ್ಳುವುದಿಲ್ಲ. ಪಾಂಡವಪುರದ ಕಡೆಯ ಒಬ್ಬ ಹುಡುಗನ ತಂದೆ ಮಾತ್ರ ಕೇಳದೆ ಒಂದು ಚೀಲ ಅಕ್ಕಿ, ಒಂದು ಬುಟ್ಟಿ ಅಚ್ಚುಬೆಲ್ಲ ಇಳಿಸಿ ಹೋದರು. ಆ ಹುಡುಗನ ಬಗ್ಗೆ ಹೇಳಲೇಬೇಕು. ಗೇಮ್ ಆಡಿ ಗೊತ್ತಿಲ್ಲ, ಇಂಗ್ಲಿಷ್ ರೇಡಿಯೋ ಕಾಲ್‌ಗೆ ನಾಲಿಗೆ ತಡವರಿಸುತ್ತಿತ್ತು. ಆದರೆ ಪೆಡಲ್ ಮೇಲೆ ಕಾಲಿಟ್ಟ ದಿನವೇ ಎರಡು ಕಾಲೂ ಬೇರೆ ಬೇರೆ ಕೆಲಸ ಮಾಡಿದವು. ಇದೆಲ್ಲಿ ಕಲಿತೆಯೋ ಅಂದೆ. "ಟ್ರ್ಯಾಕ್ಟರ್‌ನಾಗೆ ಹಂಗೇ ಅಲ್ವರಾ ಸಾ" ಅಂದ. ನಿಜ ತಾನೇ, ಟ್ರ್ಯಾಕ್ಟರಿಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕು. ಕಬ್ಬಿನ ಟ್ರೇಲರ್ ಎಳೆದು ರೋಡಿಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಗದ್ದೆಯ ಮೂಲೆಯಲ್ಲಿ ತಿರುಗಿಸುವಾಗ ಕೊಂಡಿ ಬಿಚ್ಚಿ ಒಂದೇ ಕಡೆ ತುಳಿಯುತ್ತಾರೆ. ಅಂದಿನಿಂದ ಪೇಟೆ ಹುಡುಗರನ್ನೂ ಪರಿಚಯದವರ ಜಮೀನಿಗೆ ಕಳಿಸಿ ಅರ್ಧ ದಿನ ಟ್ರ್ಯಾಕ್ಟರ್ ಹೊಡೆಸುತ್ತೇನೆ. ಡೀಸೆಲ್ ಅವರದೇ.

ಇಂಥ ಅಡ್ಡದಾರಿ ಪ್ರಯೋಗ ಇನ್ನೂ ಕೆಲವು ಮಾಡಿದ್ದೇನೆ. ಆಫೀಸಿನ ತಿರುಗುವ ಕುರ್ಚಿಯಲ್ಲಿ ಕಣ್ಣು ಕಟ್ಟಿ ನಿಧಾನಕ್ಕೆ ತಿರುಗಿಸಿ ನಿಲ್ಲಿಸಿದರೆ, ನಿಂತ ಕುರ್ಚಿ ಉಲ್ಟಾ ತಿರುಗುತ್ತಿದೆ ಎಂದು ಹುಡುಗ ಆಣೆ ಮಾಡುತ್ತಾನೆ. ಮೋಡದೊಳಗೆ ಒಳಗಿವಿಯನ್ನು ನಂಬಬೇಡ ಎಂದು ನೂರು ಸಲ ಹೇಳುವುದಕ್ಕಿಂತ ಇದು ವಾಸಿ. ಒಬ್ಬ ವಾಂತಿ ಮಾಡಿಕೊಂಡ, ಅಂದಿನಿಂದ ತಿಂಡಿಗೆ ಮುಂಚೆ ಮಾತ್ರ. ಸ್ಕೂಟರಿನಲ್ಲಿ ನ್ಯಾವಿಗೇಷನ್ ಮಾಡಿಸಿದ್ದು ಇನ್ನೂ ಚೆನ್ನಾಗಿ ಫಲ ಕೊಟ್ಟಿತು. ಮೊಬೈಲ್ ನನ್ನ ಜೇಬಿಗೆ, ಅವನಿಗೆ ನಕ್ಷೆ ಮತ್ತು ಗಡಿಯಾರ. ಮೈಸೂರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ. ಮೊದಲು ಗಡಿಯಾರ, ಆಮೇಲೆ ನಕ್ಷೆ, ಕೊನೆಗೆ ನೆಲ. ಇಷ್ಟು ಹೊತ್ತಿಗೆ ಕರಿಘಟ್ಟ ಯಾವ ಕಡೆ ಬರಬೇಕು, ಕುಂತಿ ಬೆಟ್ಟ ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಬೇಕು. ಬೆಟ್ಟ ಕಂಡಮೇಲೆ ನಕ್ಷೆಯಲ್ಲಿ ಹುಡುಕಿದವನಿಗೆ ಅಂದು ಮೇಲುಕೋಟೆ ಪುಳಿಯೋಗರೆ ಇಲ್ಲ. ಗಾಳಿಪಟ, ರಿಮೋಟ್ ಗ್ಲೈಡರ್ ಎಲ್ಲ ಮಾಡಿ ನೋಡಿದೆ, ಸಮಯ ಹಾಳು.

ಅಮೆರಿಕದವರು ಕಲಿಸುವುದೇ ಪರದೆಯಲ್ಲಲ್ಲವೇ ಎಂದು ವಾದಿಸುವವರಿಗೆ ಎರಡು ಮಾತು. 2018ರಲ್ಲಿ ಅವರ ವಾಯುಪಡೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ವರ್ಚುವಲ್ ರಿಯಾಲಿಟಿ ಕನ್ನಡಕ ಕೊಟ್ಟು 20 ಜನರ ಬ್ಯಾಚ್ ಶುರುಮಾಡಿತು. ಸುಮಾರು ಆರು ತಿಂಗಳಲ್ಲಿ 13 ಜನ ಪಾಸಾದರು. ವೇಗ ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದೇ ದೇಶದಲ್ಲಿ 2020ರ ಜೂನ್ 30ರ ರಾತ್ರಿ ಶಾ ವಾಯುನೆಲೆಯಲ್ಲಿ ಒಬ್ಬ ಎಳೆಯ ಎಫ್-16 ಪೈಲಟ್ ಇಳಿಯುವಾಗ ರನ್‌ವೇ ಮುಂಚಿನ ದೀಪಗಳನ್ನು ತಪ್ಪಾಗಿ ಓದಿ, ರನ್‌ವೇಗೆ ಮೊದಲೇ ಇದ್ದ ಆಂಟೆನಾ ಸಾಲಿಗೆ ತಾಗಿದ, ಕೊನೆಗೆ ಎಜೆಕ್ಷನ್ ಸೀಟೂ ಕೆಲಸ ಮಾಡದೆ ಪ್ರಾಣ ಹೋಯಿತು. ಗಾಳಿಯಲ್ಲಿ ಇಂಧನ ತುಂಬಿಕೊಳ್ಳುವ ಪಾಠ ಅವನ ಕೋರ್ಸಿನಲ್ಲಿ ಬಿಟ್ಟುಹೋಗಿತ್ತು, ಅದನ್ನು ಮೊದಲ ಸಲ ಮಾಡಲು ಹೊರಟದ್ದು ಅದೇ ರಾತ್ರಿ. ಬಿಟ್ಟ ಪಾಠ ಎಲ್ಲೋ ಒಂದು ಕಡೆ ಎದುರಾಗಿಯೇ ಆಗುತ್ತದೆ ಎಂದು ನಾವೆಲ್ಲ ಕ್ರೂ ರೂಮಿನಲ್ಲಿ ಹೇಳಿದ್ದೇ ತಾನೇ?

ನನ್ನ ಹುಡುಗರ ವಿಷಯಕ್ಕೆ ಬರುತ್ತೇನೆ. ಪಾಂಡವಪುರದವನು ದುಂಡಿಗಲ್‌ನಲ್ಲಿ ಬ್ಯಾಚಿನಲ್ಲಿ ಸೋಲೊ, ಅಂದರೆ ಒಂಟಿ ಹಾರಾಟಕ್ಕೆ, ಹೋದ ಮೊದಲ ಕೆಲವರಲ್ಲಿ ಒಬ್ಬನಾದ. ಮದ್ದೂರಿನ ಒಬ್ಬ ಹುಡುಗಿ ಹಾರಾಟದಲ್ಲಿ ಉಳಿಸಬೇಕೋ ಬೇಡವೋ ಎಂದು ನೋಡುವ ರಿವ್ಯೂ ತನಕ ಹೋಗಿ ರಜೆಗೆ ಬಂದವಳು, ಎರಡು ವಾರ ಬರೀ ಹಲಗೆ ಮತ್ತು ಪೆಡಲ್ ಮಾಡಿಸಿದೆ. ವಾಪಸ್ ಹೋದ ಮೇಲೆ ಅವಳ ಇನ್‌ಸ್ಟ್ರಕ್ಟರ್ ರಜೆಯಲ್ಲಿ ಎಲ್ಲಿ ಹಾರಿ ಬಂದೆ ಎಂದು ಕೇಳಿದರಂತೆ. ಗ್ಯಾರೇಜಿನಲ್ಲಿ ಎಂದರೆ ನಂಬಲಿಲ್ಲವಂತೆ. ಅವಳೀಗ ಬೀದರ್‌ನಲ್ಲಿ ಹಾಕ್ ತರಬೇತಿ ಜೆಟ್ ಹಾರಿಸುತ್ತಿದ್ದಾಳೆ. ಎಲ್ಲರೂ ಹಾಗಾಗಲಿಲ್ಲ. ಒಬ್ಬ ಹಲಗೆಯಲ್ಲಿ ಬಹಳ ಚೆನ್ನಾಗಿ ಮಾಡಿದವನು ಗಾಳಿಯಲ್ಲಿ ಕೈಚೆಲ್ಲಿದ, ಗ್ರೌಂಡ್ ಡ್ಯೂಟಿಗೆ ಹೋದ. ಎತ್ತರದ ದಿಗಿಲು ಗ್ಯಾರೇಜಿನಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಸೆಲೆಕ್ಷನ್ ಬೋರ್ಡಿನ ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆಗೆ ತಯಾರಿ ಕೊಡಿ ಎಂದು ಬರಬೇಡಿ. ಅದು ಜೀವಮಾನಕ್ಕೆ ಒಂದೇ ಸಲ, ಅದರ ಹೆಸರಲ್ಲಿ ಯಂತ್ರ ಇಟ್ಟುಕೊಂಡು ಸಾವಿರಾರು ಪೀಕುವವರು ಈ ಊರಲ್ಲೇ ಬೇಕಾದಷ್ಟಿದ್ದಾರೆ. ನನ್ನದು ಆಯ್ಕೆ ಆದವರಿಗೆ ಮಾತ್ರ.

ಈಗ ಎರಡನೆಯ ಕಾಕ್‌ಪಿಟ್ ಶುರುಮಾಡಿದ್ದೇನೆ, ಇದು ಹಿಂದೆ ಮುಂದೆ ಸೀಟಿನದು. ಅಕ್ಕಪಕ್ಕ ಕಲಿತವನನ್ನು ಕೊನೆಯ ವಾರ ಇದಕ್ಕೆ ಬದಲಾಯಿಸುವ ಯೋಚನೆ. ಹಿಂದೆ ಕೂತು ಮುಂದಿನವನ ಕಣ್ಣು ನೋಡಲು ಆಕ್ಟಿವಾದ ಎರಡು ಕನ್ನಡಿ ಕಟ್ಟಿದ್ದೇನೆ, ಕಣ್ಣು ಕಾಣುತ್ತದೆ, ಕಾಲು ಕಾಣುವುದಿಲ್ಲ. ಪೆಡಲ್ ಕೆಳಗೆ ಒಂದು ಅಗ್ಗದ ಕ್ಯಾಮೆರಾ ಇಡಬೇಕೆಂದಿದ್ದೇನೆ. ಯಾರಾದರೂ ಮಾಡಿದ್ದರೆ ಯಾವುದು ಕೊಂಡಿರಿ, ಎಷ್ಟಾಯಿತು ಹೇಳಿ.