ಸಾಲದ ಲೆಕ್ಕಪಟ್ಟಿಯ ಮೊದಲ ಪುಟ ತೆಗೆದು ನೋಡಿ

2023ರ ಫೆಬ್ರವರಿಯಲ್ಲಿ ನನ್ನ ಮೈದುನ ಹೃದಯಾಘಾತದಿಂದ ತೀರಿಕೊಂಡ. ಅರಸೀಕೆರೆಯಲ್ಲಿ ಆಸೆಪಟ್ಟು ಕಟ್ಟಿಸಿದ ಮನೆಯ ಮೇಲೆ ಇನ್ನೂ ಹದಿನೆಂಟೂವರೆ ಲಕ್ಷ ಸಾಲ ಉಳಿದಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ಓರಗಿತ್ತಿ ನನ್ನ ಪಕ್ಕ ಕುಳಿತು, "ಅಕ್ಕಾ, ಮನೆ ಮಾರಿಬಿಡೋಣವೇ?" ಎಂದು ಕೇಳಿದಳು. ಸಾಲಗಾರ ತೀರಿಕೊಂಡರೆ ಉಳಿದ ಬಾಕಿಯನ್ನು ತುಂಬಿಕೊಡುವ ವಿಮೆ ಆ ಸಾಲಕ್ಕೆ ಇದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಾಲ ಕೊಟ್ಟ ಬ್ಯಾಂಕ್ ಶಾಖೆಯವರೂ ತಾವಾಗಿ ಹೇಳಲಿಲ್ಲ. ನಮ್ಮಂತೆ ಕಂಗಾಲಾಗಿ ಕುಳಿತಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಮೆ ಇದೆಯೇ ಎಂದು ಪತ್ತೆ ಮಾಡಿ. ಮಂಜೂರಾತಿ ಪತ್ರ ಸಿಗದಿದ್ದರೆ ಶಾಖೆಯಿಂದ ಸಾಲ ಶುರುವಾದ ದಿನದಿಂದಲೇ ಲೆಕ್ಕಪಟ್ಟಿ ಕೇಳಿ ಪಡೆಯಿರಿ. ನಾನು ಅಡುಗೆಮನೆಯ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಸಾಲುಸಾಲಾಗಿ ಓದಿದೆ. 2019ರ ಜೂನ್‌ನಲ್ಲಿ ಒಂದೇ ದಿನ ಎರಡು ಮೊತ್ತ ಬಿಡುಗಡೆಯಾಗಿತ್ತು. ಒಂದು ಇಪ್ಪತ್ತು ಲಕ್ಷ, ಅದರ ಕೆಳಗೆ 74,000. ಎರಡನೆಯ ಸಾಲಿನಲ್ಲಿ ವಿಮಾ ಕಂಪನಿಯ ಹೆಸರನ್ನು ನಾಲ್ಕೇ ಅಕ್ಷರಕ್ಕೆ ಮೊಟಕು ಮಾಡಿ ಮುದ್ರಿಸಿದ್ದರು. ಆ ನಾಲ್ಕು ಅಕ್ಷರವೇ ಮನೆ ಉಳಿಸಿತು. ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದ್ದರಿಂದ ಕೈಯಿಂದ ಯಾರೂ ಹಣ ಕೊಟ್ಟಿರಲಿಲ್ಲ, ಹಾಗಾಗಿ ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ಇದು ಗುಂಪು ವಿಮೆ. ಮೂಲ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿರುತ್ತದೆ. ಸಾಲಗಾರನಿಗೆ ಸಿಗಬೇಕಾದದ್ದು ವಿಮಾ ಪ್ರಮಾಣಪತ್ರ. ಅದರ ಪ್ರತಿಯನ್ನು ಲಿಖಿತವಾಗಿ ಕೇಳಿ, ನಿಮ್ಮ ಪತ್ರದ ನಕಲಿನ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ ಮೂರು ವಾರ ನಮಗೆ ವ್ಯರ್ಥವಾಯಿತು. ಮುದ್ರೆ ಬಿದ್ದ ನಾಲ್ಕನೆಯ ದಿನ ಪ್ರತಿ ಬಂತು. ಅದರಲ್ಲಿ ನಾಮಿನಿ ಯಾರು, ವಿಮೆ ಎಂದಿನಿಂದ ಎಂದಿನವರೆಗೆ, ಪ್ರತಿ ವರ್ಷ ವಿಮೆಯ ಮೊತ್ತ ಎಷ್ಟಕ್ಕೆ ಇಳಿಯುತ್ತದೆ ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕ್ಲೇಮ್ ಅರ್ಜಿಯ ಜೊತೆ ಮರಣ ಪ್ರಮಾಣಪತ್ರ, ವಿಮಾ ಪ್ರಮಾಣಪತ್ರ, ನಾಮಿನಿಯ ಆಧಾರ್, ಪ್ಯಾನ್, ರದ್ದುಪಡಿಸಿದ ಚೆಕ್, ಆಸ್ಪತ್ರೆಯ ಕಾಗದಗಳು ಬೇಕು. ಅಪಘಾತವಾಗಿದ್ದರೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯೂ ಬೇಕು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲ ಹತ್ತಾದರೂ ತೆಗೆಸಿಡಿ. ಅರ್ಜಿಯನ್ನು ಶಾಖೆಗೆ ಕೊಟ್ಟು ಸುಮ್ಮನಾಗದೆ, ವಿಮಾ ಕಂಪನಿಗೂ ನೇರವಾಗಿ ಇಮೇಲ್ ಮಾಡಿ. ಈಗಿನ ನಿಯಮದಂತೆ ತನಿಖೆ ಬೇಡವಾದ ಮರಣದ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದರೆ 45 ದಿನಗಳಲ್ಲಿ ಇತ್ಯರ್ಥ ಮಾಡಬೇಕು.

ನಮಗೆ ಬಂದ ಮೊದಲ ಉತ್ತರ ನಿರಾಕರಣೆ. ಮೈದುನನಿಗೆ ಸಕ್ಕರೆ ಕಾಯಿಲೆ ಇತ್ತು, ಸಾಲ ಪಡೆಯುವಾಗ ಅದನ್ನು ಮುಚ್ಚಿಟ್ಟಿದ್ದ ಎಂದು ಬರೆದಿದ್ದರು. ಓರಗಿತ್ತಿ ಆ ಪತ್ರ ಓದಿ ಊಟ ಬಿಟ್ಟಳು. ಇಲ್ಲಿಯೇ ಬಹಳ ಮಂದಿ ಕೈಚೆಲ್ಲುತ್ತಾರೆ, ದಯವಿಟ್ಟು ಚೆಲ್ಲಬೇಡಿ. 1938ರ ವಿಮಾ ಕಾಯ್ದೆಯ 45ನೆಯ ಕಲಂ ಪ್ರಕಾರ ಜೀವವಿಮೆ ಜಾರಿಗೆ ಬಂದು ಮೂರು ವರ್ಷ ಕಳೆದ ಮೇಲೆ ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಅದನ್ನು ಪ್ರಶ್ನಿಸುವಂತಿಲ್ಲ. ಮೈದುನ ತೀರಿಕೊಂಡಾಗ ಮೂರು ವರ್ಷ ಎಂಟು ತಿಂಗಳಾಗಿತ್ತು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದೂವರೆ ಪುಟದ ಪತ್ರ ಬರೆದೆ. ವಿಮೆ ಶುರುವಾದ ದಿನಾಂಕ, ಮರಣದ ದಿನಾಂಕ, ಕಲಂ 45, ಇಷ್ಟೇ. ಅಳಲು ತೋಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ನಿರ್ಧಾರ ಬದಲಾಯಿತು.

ಮೂರು ವರ್ಷ ತುಂಬಿರದಿದ್ದರೆ ದಾರಿ ಕಷ್ಟ. ಆದರೂ ಆರೋಗ್ಯದ ಪ್ರಶ್ನೆಗಳಿಗೆ ಸಾಲಗಾರ ಸಹಿ ಹಾಕಿದ ಅರ್ಜಿಯ ಪ್ರತಿಯನ್ನು ಕೇಳಿ ಪಡೆಯಿರಿ. ಯಾವ ಪ್ರಶ್ನೆಗೆ ಯಾರು ಗುರುತು ಹಾಕಿದ್ದಾರೆ ಎಂಬುದು ಅಲ್ಲಿ ಕಾಣುತ್ತದೆ.

ಕಂಪನಿ ಜಗ್ಗದಿದ್ದರೆ ವಿಮಾ ಪ್ರಾಧಿಕಾರದ 'ಬೀಮಾ ಭರೋಸಾ' ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಮುಂದಿನದು ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹಣ ಮಂಜೂರಾಯಿತು ಎಂದ ಕೂಡಲೇ ಕಣ್ಣೊರೆಸಿಕೊಂಡು ಸಹಿ ಹಾಕಬೇಡಿ. ಎರಡು ಲೆಕ್ಕ ನೋಡಬೇಕು. ಮರಣದ ನಂತರವೂ ನಾಲ್ಕು ತಿಂಗಳು ಮೈದುನನ ಖಾತೆಯಿಂದ ತಿಂಗಳಿಗೆ 18,660 ರೂಪಾಯಿ ಕಂತು ತಾನಾಗಿ ಕಡಿತವಾಗಿತ್ತು. ಬಾಕಿಯನ್ನು ಮರಣದ ದಿನಕ್ಕೆ ಲೆಕ್ಕ ಹಾಕಿ ಆ ಕಂತುಗಳನ್ನು ಹಿಂದಿರುಗಿಸಿ ಎಂದು ಬರೆದುಕೊಟ್ಟೆವು, ಹಿಂದಿರುಗಿಸಿದರು. ಇನ್ನೊಂದು, ಆಗಲೇ ಹೇಳಿದ ಪಟ್ಟಿ. ಅದರಂತೆ ಮೈದುನ ತೀರಿಕೊಂಡಾಗಿನ ವಿಮಾ ಮೊತ್ತ ಹತ್ತೊಂಬತ್ತು ಲಕ್ಷ ದಾಟಿತ್ತು. 2021ರಲ್ಲಿ ಮೈದುನ ಕೊಬ್ಬರಿ ಮಾರಿದ ಹಣದಲ್ಲಿ ಐವತ್ತು ಸಾವಿರ ಅಸಲಿಗೆ ಕಟ್ಟಿದ್ದರಿಂದ ನಿಜವಾದ ಬಾಕಿ ಅದಕ್ಕಿಂತ ಸುಮಾರು 60,000 ಕಡಿಮೆ ಇತ್ತು. ಆ ಉಳಿಕೆ ಬ್ಯಾಂಕಿನದಲ್ಲ, ನಾಮಿನಿಯದು. ಓರಗಿತ್ತಿಯ ಖಾತೆಗೆ ಬಂತು. ಮಗಳ ಶಾಲೆಯ ಶುಲ್ಕ ಕಟ್ಟಿದಳು.

ಇನ್ನು ಕಟ್ಟಿದ ಪ್ರೀಮಿಯಂ ವಾಪಸು ಪಡೆಯುವ ವಿಷಯ. 74,000 ರೂಪಾಯಿಯನ್ನು ಶೇಕಡಾ 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ಕಂತಿನಲ್ಲಿ ತೀರಿಸಿದರೆ ಒಟ್ಟು ಒಂದು ಲಕ್ಷ ಅರವತ್ತು ಸಾವಿರದ ಹತ್ತಿರ ಹೋಗುತ್ತದೆ. ಹಾಗಾಗಿ ವಿಮೆ ಬೇಕಿದ್ದರೂ ಅದನ್ನು ಸಾಲಕ್ಕೆ ಸೇರಿಸದೆ ಕೈಯಿಂದ ಕಟ್ಟುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ವಿಮೆ ತೆಗೆದುಕೊಂಡರೆ ಮಾತ್ರ ಸಾಲ ಎಂದು ಒತ್ತಾಯಿಸುವ ಹಕ್ಕು ಯಾವ ಬ್ಯಾಂಕಿಗೂ ಇಲ್ಲ. ನಿಮಗೆ ತಿಳಿಯದೆ ಸೇರಿಸಿದ್ದರೆ, ಪ್ರಮಾಣಪತ್ರ ಕೈಸೇರಿದ 30 ದಿನಗಳೊಳಗೆ ಬೇಡವೆಂದು ಬರೆದುಕೊಡಿ. ಅಷ್ಟು ದಿನದ ರಕ್ಷಣೆಯ ಪಾಲು, ಮುದ್ರಾಂಕ, ವೈದ್ಯಕೀಯ ಪರೀಕ್ಷೆಯ ಖರ್ಚು ಕಳೆದು ಉಳಿದದ್ದು ವಾಪಸು ಬರುತ್ತದೆ. ಅದು ಸಾಲದ ಖಾತೆಗೆ ಜಮೆಯಾಯಿತೇ ಎಂದು ಲೆಕ್ಕಪಟ್ಟಿಯಲ್ಲಿ ನೋಡಿ.

ಸಾಲವನ್ನು ಅವಧಿಗೆ ಮುನ್ನ ತೀರಿಸಿದವರಿಗೂ ಸಾಮಾನ್ಯವಾಗಿ ಸ್ವಲ್ಪ ಬರಬೇಕಾದದ್ದಿರುತ್ತದೆ, ಆದರೆ ಕೇಳದೆ ಬರುವುದಿಲ್ಲ. ನನ್ನ ಮಗ ಐದು ವರ್ಷದ ವೈಯಕ್ತಿಕ ಸಾಲವನ್ನು ಎರಡೇ ವರ್ಷಕ್ಕೆ ಮುಗಿಸಿದ. ಸಾಲ ತೀರಿದ ಪತ್ರ, ವಿಮಾ ಪ್ರಮಾಣಪತ್ರ, ರದ್ದುಪಡಿಸಿದ ಚೆಕ್ ಇಟ್ಟು ಅರ್ಜಿ ಕೊಟ್ಟಾಗ 11,800ರ ಪ್ರೀಮಿಯಂನಲ್ಲಿ 4,900 ಬಂತು. ಲೆಕ್ಕದ ಸೂತ್ರ ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ. ಮನೆಯಲ್ಲಿ ಬೇರೆ ಜೀವವಿಮೆ ಇಲ್ಲದಿದ್ದರೆ, ವಾಪಸು ಕೇಳುವ ಬದಲು ಅದನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದೇ ಎಂದೂ ವಿಚಾರಿಸಿ. ಕೆಲಸ ಹೋದರೆ ಕಂತು ಕಟ್ಟುವ ವಿಮೆಯೂ ಕೆಲವು ಸಾಲಗಳ ಜೊತೆ ಇರುತ್ತದೆ. ಕೆಲವೇ ಕಂತುಗಳಿಗೆ, ತಾವಾಗಿ ರಾಜೀನಾಮೆ ಕೊಟ್ಟವರಿಗೆ ಇಲ್ಲ.

ಸಾಲ ಚುಕ್ತಾ ಆದ ಮೇಲೆ ಮೂಲ ದಾಖಲೆಗಳನ್ನು ಬಿಡಿಸಿಕೊಳ್ಳಿ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕ್ ಅವುಗಳನ್ನು 30 ದಿನಗಳಲ್ಲಿ ಕೊಡಬೇಕು, ಅದರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕ್ರಯಪತ್ರ ಕೈಗೆ ಬಂದ ದಿನ ಓರಗಿತ್ತಿ ಅದನ್ನು ಬೀರುವಿನಲ್ಲಿ ಮೈದುನನ ಅಂಗಿಗಳ ಕೆಳಗೆ ಇಟ್ಟಳು. ಮರುವಾರ ಇಬ್ಬರೂ ಉಪನೋಂದಣಿ ಕಚೇರಿಗೆ ಹೋಗಿ ಅಡಮಾನ ಬಿಡುಗಡೆಯ ಪತ್ರ ನೋಂದಾಯಿಸಿ ಬಂದೆವು.