ಎಂಸಿಎ ಮೊದಲ ವಾರ: ಕೀಬೋರ್ಡ್ ಯಾರ ಕೈಯಲ್ಲಿರಬೇಕು?

ಕಲಬುರಗಿಯ ಕಾಲೇಜೊಂದರ ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸ್ ಸ್ನಾತಕೋತ್ತರ ಪದವಿ) ವಿಭಾಗದಲ್ಲಿ ಪಾಠ ಮಾಡುತ್ತೇನೆ. ಹೊಸದಾಗಿ ಸೇರಿದವರಿಗೆ ಮೊದಲ ವಾರ ನಡೆಸುವ ಓರಿಯೆಂಟೇಷನ್ ಹಲವು ವರ್ಷಗಳಿಂದ ನನ್ನ ಪಾಲಿನ ಕೆಲಸ. ಪದವಿಗೆ ಸೇರುವ ಮಕ್ಕಳನ್ನು ಬರಮಾಡಿಕೊಳ್ಳುವುದು ಹೇಗೆ ಎಂದು ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗಸೂಚಿ ಕೊಟ್ಟಿದೆ. ಬಿಇ ಸೇರುವವರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹೇಳಿದ ಮೂರು ವಾರಗಳ ಇಂಡಕ್ಷನ್ ಇದೆ. ಸ್ನಾತಕೋತ್ತರಕ್ಕೆ ಬಂದವರ ವಿಷಯಕ್ಕೆ ಬಂದರೆ ಮಾತ್ರ, ‘ಪದವಿ ಮುಗಿಸಿ ಬಂದವರಿಗೆ ಹೇಳುವುದೇನಿದೆ’ ಎಂದು ಸ್ವಾಗತ ಭಾಷಣ, ಪುಷ್ಪಗುಚ್ಛ, ವಂದನಾರ್ಪಣೆಯಲ್ಲಿ ಮುಗಿಸಿಬಿಡುವ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಮೊದಲ ವಾರ ಬಹಳ ಮುಖ್ಯ.

ಯಾಕೆಂದರೆ ನಮ್ಮ ತರಗತಿಗೆ ಬರುವವರೆಲ್ಲ ಒಂದೇ ದಾರಿಯಿಂದ ಬಂದವರಲ್ಲ. ಬಿಸಿಎ ಓದಿದವರಿದ್ದಾರೆ, ಬಿಎಸ್ಸಿಯವರಿದ್ದಾರೆ, ಬಿಕಾಂ ಮುಗಿಸಿ ಬಂದವರೂ ಇದ್ದಾರೆ. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ಎಂಸಿಎ ಸೇರಬಹುದು. ಕಂಪ್ಯೂಟರ್ ಹಿನ್ನೆಲೆ ಇಲ್ಲದವರಿಗೆ ಬ್ರಿಡ್ಜ್ ಕೋರ್ಸ್ ಇರುತ್ತದೆ. ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯಿಂದ ದಿನಾ ಬಸ್ಸಿಗೆ ಬಂದು ಹೋಗುವವರು ಬಹಳ. ಹಲವರ ಮನೆಯಲ್ಲಿ ಇವರೇ ಮೊದಲ ಪದವೀಧರರು. ಮೊದಲು ಎಂಸಿಎ ಮೂರು ವರ್ಷದ್ದಿತ್ತು. 2020-21ರಿಂದ ಎರಡು ವರ್ಷದ್ದಾಯಿತು. ನಾಲ್ಕು ಸೆಮಿಸ್ಟರ್‌ಗಳಲ್ಲಿ ಕೊನೆಯದು ಬಹುಪಾಲು ಪ್ರಾಜೆಕ್ಟ್, ಇಂಟರ್ನ್‌ಶಿಪ್‌ಗೇ ಹೋಗುತ್ತದೆ. ಮೊದಲ ಸೆಮಿಸ್ಟರನ್ನು ಹೊಂದಿಕೊಳ್ಳುವುದರಲ್ಲೇ ಕಳೆದರೆ ಓದಲಿಕ್ಕೆ ಉಳಿಯುವುದೇ ಒಂದು ವರ್ಷ.

ಹಾಗಾಗಿ ನಾನು ಭಾಷಣಗಳನ್ನೆಲ್ಲ ಮೊದಲ ದಿನದ ಬೆಳಿಗ್ಗೆಗೆ ಸೇರಿಸಿಬಿಟ್ಟೆ. ಆ ಹೊತ್ತಿಗೆ ತಂದೆತಾಯಿ ಜೊತೆಗೇ ಇರುತ್ತಾರೆ. ಹಾಸ್ಟೆಲ್, ಫೀಸು, ಹಾಜರಾತಿ, ರ್‍ಯಾಗಿಂಗ್ ವಿರುದ್ಧ ವಿದ್ಯಾರ್ಥಿಯೂ ಪಾಲಕರೂ ಪ್ರತಿ ವರ್ಷ ಕೊಡಬೇಕಾದ ಮುಚ್ಚಳಿಕೆ, ಸಹಾಯವಾಣಿ 1800-180-5522, ಇವನ್ನೆಲ್ಲ ಅವರ ಎದುರಿಗೇ ಹೇಳಿ ಮುಗಿಸುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಲ್ಯಾಬಿಗೆ. ಮುಂದಿನ ದಿನಗಳೆಲ್ಲ ಅಲ್ಲೇ.

ಲ್ಯಾಬಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸುತ್ತೇನೆ. ಬಿಸಿಎ ಓದಿದವರ ಪಕ್ಕದಲ್ಲಿ ಬಿಕಾಂ ಅಥವಾ ಬಿಎಸ್ಸಿಯವರು. ನಿಯಮ ಒಂದೇ: ಗೊತ್ತಿಲ್ಲದವರ ಕೈಯಲ್ಲಿ ಕೀಬೋರ್ಡ್, ಗೊತ್ತಿದ್ದವರಿಗೆ ಬಾಯಿ ಮಾತ್ರ. ಮೌಸ್ ಕೂಡ ಮುಟ್ಟುವಂತಿಲ್ಲ. ಈ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂದು ಲ್ಯಾಬ್ ನಡೆಸಿದ ಯಾರಿಗಾದರೂ ಗೊತ್ತು. ಬಲ್ಲವರು ಪಟಪಟ ಮಾಡಿ ಮುಗಿಸುತ್ತಾರೆ, ಪಕ್ಕದವರು ನೋಡುತ್ತ ತಲೆಯಾಡಿಸುತ್ತಾರೆ, ಇಬ್ಬರದೂ ‘ಆಯ್ತು’ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಾಗುತ್ತದೆ. ಬಿಸಿಎಯವರಿಗೂ ಇದರಿಂದ ಲಾಭವೇ. ಕೈಯಲ್ಲಿ ಮಾಡಿ ಗೊತ್ತಿದ್ದದ್ದನ್ನು ಬಾಯಲ್ಲಿ ಹೇಳಲು ಹೋದಾಗ ತಮಗೆ ಎಷ್ಟು ತಿಳಿದಿದೆ ಎಂಬುದು ಅವರಿಗೇ ಗೊತ್ತಾಗುತ್ತದೆ.

ಮೊದಲ ಕೆಲಸ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್‌ಬಾಕ್ಸ್ ಒಳಗೆ ತಮ್ಮ ಕೈಯಾರೆ ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿಕೊಳ್ಳುವುದು. ಕೆಟ್ಟರೂ ಪರವಾಗಿಲ್ಲ, ಅಳಿಸಿ ಮತ್ತೆ ಹಾಕಬಹುದು ಎಂಬ ಧೈರ್ಯ ಅದರಿಂದ ಬರುತ್ತದೆ. ಆಮೇಲೆ ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋ) ತೆರೆದು ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಇನ್‌ಸ್ಟಾಲ್ ಮಾಡಲು ಹೇಳುತ್ತೇನೆ. ‘ಸುಡೊ’ ಎಂದು ಶುರುವಾಗುವ ಆಜ್ಞೆ ಕೊಟ್ಟ ಕೂಡಲೇ ಅದು ಪಾಸ್‌ವರ್ಡ್ ಕೇಳುತ್ತದೆ. ಪ್ರತಿ ವರ್ಷ ಇಲ್ಲಿಗೆ ಬಂದಾಗ ಲ್ಯಾಬಿನ ಯಾವುದಾದರೂ ಮೂಲೆಯಿಂದ ಒಂದು ದನಿ ಏಳುತ್ತದೆ:

“ಮೇಡಂ, ಒತ್ತಲಾಕತ್ತೀನ್ರಿ, ಏನೂ ಮೂಡವಲ್ದು. ಕೀಬೋರ್ಡ್ ಕೆಟ್ಟದೇನ್ರಿ?”

ಕೆಟ್ಟಿರುವುದಿಲ್ಲ. ಲ್ಯಾಬಿನಲ್ಲಿ ನಾವು ಬಳಸುವ ಉಬುಂಟು ಆವೃತ್ತಿಯ ಟರ್ಮಿನಲ್ಲಿನಲ್ಲಿ ಪಾಸ್‌ವರ್ಡ್ ಒತ್ತುವಾಗ ಅಕ್ಷರವಿರಲಿ, ಚುಕ್ಕೆಯೂ ಮೂಡದಂತೆ ಇಟ್ಟಿರುತ್ತಾರೆ. ಹಿಂದೆ ನಿಂತವರಿಗೆ ಪಾಸ್‌ವರ್ಡ್ ಎಷ್ಟು ಉದ್ದದ್ದು ಎಂಬ ಸುಳಿವೂ ಸಿಗಬಾರದು ಎಂದು. ಇದನ್ನು ನಾನು ಮೊದಲೇ ಹೇಳಿಬಿಡಬಹುದು. ಹೇಳುವುದಿಲ್ಲ. ಯಾರೋ ಒಬ್ಬರು ಗಟ್ಟಿಯಾಗಿ ಕೇಳಲಿ ಎಂದು ಕಾಯುತ್ತೇನೆ. ಒಬ್ಬರು ಕೇಳಿದ ಕೂಡಲೇ ಇನ್ನೂ ನಾಲ್ಕು ಕಡೆಯಿಂದ ‘ನಂದೂ ಹಂಗೇ ಆಗ್ಯದ್ರಿ’ ಎಂಬ ಮಾತು ಬರುತ್ತದೆ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದವರು ಆಮೇಲೆ ಬಾಯಿ ಬಿಡಲು ಶುರು ಮಾಡುತ್ತಾರೆ. ಇಡೀ ವಾರದಲ್ಲಿ ನನಗೆ ಬೇಕಾದದ್ದು ಇದೇ. ಕೇಳಲಿಕ್ಕೆ ನಾಚಿಕೆಪಡುವ ಹುಡುಗ ಮೊದಲ ಇಂಟರ್ನಲ್ ಪರೀಕ್ಷೆಯ ಹೊತ್ತಿಗೆ ತರಗತಿಯಿಂದಲೇ ದೂರವಾಗುತ್ತಾನೆ. ಬುದ್ಧಿ ಕಡಿಮೆಯಾಗಿ ಹಿಂದೆ ಬಿದ್ದವರಿಗಿಂತ ಹೀಗೆ ಹಿಂದೆ ಬಿದ್ದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಕೇಳುವುದು ಯಾವ ಭಾಷೆಯಲ್ಲಾದರೂ ಸರಿ. ಕನ್ನಡದಲ್ಲಿ ಕೇಳಲಿ, ಹಿಂದಿಯಲ್ಲಿ ಕೇಳಲಿ, ದಖನಿಯಲ್ಲಿ ಕೇಳಲಿ. ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲೇ, ಅದಕ್ಕೆ ತಯಾರಿ ಬೇರೆ ನಡೆಯುತ್ತದೆ. ಆದರೆ ಪ್ರಶ್ನೆ ಕೇಳಲಿಕ್ಕೂ ಇಂಗ್ಲಿಷ್ ಬೇಕು ಎಂದು ಹಟ ಹಿಡಿದರೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಎರಡನೇ ದಿನ ಎರರ್ ಓದುವುದನ್ನು ಕಲಿಸುತ್ತೇನೆ. ಕೆಂಪಕ್ಷರ ಕಂಡ ಕೂಡಲೇ ವಿಂಡೋ ಮುಚ್ಚುವುದು ಹಲವರ ಅಭ್ಯಾಸ. ನಾನು ಬೇಕಂತಲೇ ಕೆಡಿಸಿದ ಸಣ್ಣ ಪೈಥಾನ್ ಪ್ರೋಗ್ರಾಂಗಳನ್ನು ಕೊಡುತ್ತೇನೆ. ಒಂದರಲ್ಲಿ ಸಾಲು ಒಳಸರಿದಿರುವುದಿಲ್ಲ, ಒಂದರಲ್ಲಿ ವೇರಿಯಬಲ್ ಹೆಸರಿನ ಸ್ಪೆಲ್ಲಿಂಗ್ ತಪ್ಪಿರುತ್ತದೆ, ಇನ್ನೊಂದರಲ್ಲಿ ಅಂಕಿಯ ಜೊತೆ ಪಠ್ಯವನ್ನು ಕೂಡಿಸಲು ಹೊರಟಿರುತ್ತದೆ. ಪೈಥಾನ್ ತೋರಿಸುವ ಎರರ್ ಸಂದೇಶವನ್ನು (ಟ್ರೇಸ್‌ಬ್ಯಾಕ್) ಕೆಳಗಿನಿಂದ ಮೇಲಕ್ಕೆ ಓದಬೇಕು: ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲಿನ ಸಾಲುಗಳಲ್ಲಿ ಎಲ್ಲಿ ಆಯಿತು ಎಂಬುದು. ಪ್ರತಿ ಜೋಡಿಯೂ ಎರರನ್ನು ಗಟ್ಟಿಯಾಗಿ ಓದಿ, ಅದು ಏನು ಹೇಳುತ್ತಿದೆ ಎಂದು ತಮ್ಮ ಮಾತಿನಲ್ಲಿ ತಿಳಿಸಿದ ಮೇಲೆಯೇ ತಿದ್ದಲು ಬಿಡುತ್ತೇನೆ. ಚಾಟ್‌ಜಿಪಿಟಿಯಂಥವನ್ನು ಈ ವಾರ ತೆರೆಯುವಂತಿಲ್ಲ. ಆಮೇಲೆ ಬಳಸಿಕೊಳ್ಳಲಿ, ತಕರಾರಿಲ್ಲ. ಆದರೆ ಕೊಟ್ಟ ಕೋಡಿನ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೂ ವಿವರಿಸಲು ಬರಬೇಕು.

ಅದಾದ ಮೇಲೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ನಮ್ಮ ಮಕ್ಕಳಲ್ಲಿ ಬಹಳ ಜನ ತೊಗರಿ ಬೆಳೆಯುವ ಮನೆಯವರು. ಡೇಟಾ ಎಂದರೇನು ಎಂದು ಹೇಳಲು ಅಮೆರಿಕದ ಮನೆ ಬೆಲೆಗಳ ಫೈಲು ನಮಗೇಕೆ? ಎಪಿಎಂಸಿ ದರಗಳನ್ನು ಅಗ್‌ಮಾರ್ಕ್‌ನೆಟ್ ತಾಣದಿಂದ ತೆಗೆದು ಒಂದು ಸಿಎಸ್‌ವಿ ಫೈಲ್ ಮಾಡಿಟ್ಟಿದ್ದೇನೆ: ದಿನಾಂಕ, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ), ಎಲ್ಲ ಕ್ವಿಂಟಾಲಿಗೆ. ಹೋಲಿಸಿ ನೋಡಲು 2024-25ರ ಬೆಂಬಲ ಬೆಲೆ 7,550 ರೂಪಾಯಿಯೂ ಅದರಲ್ಲಿದೆ.

ಮೊದಲು ದರವನ್ನು ಏರಿಕೆ ಕ್ರಮದಲ್ಲಿ ಜೋಡಿಸಲು ಹೇಳುತ್ತೇನೆ. ಹತ್ತು ಸಾವಿರ ದಾಟಿದ ದರಗಳು ಏಳು ಸಾವಿರದವುಗಳಿಗಿಂತ ಮೇಲೆ ಬಂದು ಕೂರುತ್ತವೆ. ಎಲ್ಲರಿಗೂ ಗಲಿಬಿಲಿ. ಅಂಕಿಗಳ ನಡುವೆ ಅಲ್ಪವಿರಾಮ ಇರುವುದರಿಂದ, ಡೇಟಾ ಓದಲು ಪೈಥಾನಿನಲ್ಲಿ ಬಳಸುವ ಪ್ಯಾಂಡಾಸ್ ಅವನ್ನು ಪಠ್ಯವೆಂದು ಓದಿಕೊಂಡಿರುತ್ತದೆ. ಪಠ್ಯವೆಂದ ಮೇಲೆ ‘10,200’ರ ಮೊದಲಕ್ಷರ 1, ‘7,550’ರದು 7, ಒಂದು ಮೊದಲು ಬರಲೇಬೇಕು. ಫೈಲ್ ಓದಿಸುವಾಗಲೇ ಅಲ್ಪವಿರಾಮ ಸಾವಿರದ ಗುರುತು ಎಂದು ತಿಳಿಸಿದರೆ ಸರಿಹೋಗುತ್ತದೆ. ಡೇಟಾ ಟೈಪ್ ಎಂದರೇನೆಂದು ಅರ್ಧ ತಾಸು ಬೋರ್ಡಿನ ಮೇಲೆ ಬರೆದರೂ ಮನಸ್ಸಿಗೆ ಹೀಗೆ ನಾಟುವುದಿಲ್ಲ.

ಅದೇ ಫೈಲಿನಲ್ಲಿ ಒಂದು ಸಾಲಿನ ದರದಿಂದ ನಾನೇ ಒಂದು ಸೊನ್ನೆ ತೆಗೆದಿಟ್ಟಿರುತ್ತೇನೆ. ಒಂದು ವರ್ಷ ಬಿಸಿಎಯವರೆಲ್ಲ ಪಕ್ಕದವರ ಕೈಯಿಂದ ಸರಾಸರಿ ತೆಗೆಸಿ, ಗ್ರಾಫ್ ಬರೆಸಿ ಕೈ ಕಟ್ಟಿ ಕೂತಿದ್ದರು. ಆಳಂದ ತಾಲೂಕಿನ ಹಳ್ಳಿಯಿಂದ ಬಂದ, ಬಿಕಾಂ ಓದಿದ ಹುಡುಗಿಯೊಬ್ಬಳು ಪರದೆಯ ಮೇಲೆ ಬೆರಳಿಟ್ಟು ಕೇಳಿದಳು: “ಮೇಡಂ, ಏಳ್ನೂರಾ ಐವತ್ತೈದಕ್ಕ ಕ್ವಿಂಟಾಲ್ ತೊಗರಿ ಯಾರ್ ಕೊಡ್ತಾರ್ರಿ? ಇದು ತಪ್ಪದ.” ಪೈಥಾನ್ ಅವಳಿಗೆ ಎರಡು ದಿನದ ಪರಿಚಯ. ಆದರೆ ಡೇಟಾ ನೋಡಿ ‘ಇದು ಇರಲಿಕ್ಕಿಲ್ಲ’ ಎಂದು ಅನುಮಾನಪಡುವುದು ಈ ವೃತ್ತಿಯ ದೊಡ್ಡ ಗುಣ, ಅದು ಅವಳಲ್ಲಿ ಮೊದಲೇ ಇತ್ತು. ಇದನ್ನು ಎಲ್ಲರ ಎದುರಿಗೆ ಹೇಳಿದೆ. ಅವಳ ಜೋಡಿಯಾಗಿದ್ದ ಬಿಸಿಎ ಹುಡುಗ ಆವತ್ತಿನಿಂದ ಪ್ರೋಗ್ರಾಂ ಮುಗಿದ ಕೂಡಲೇ ಮೊದಲು ಅವಳಿಗೆ ತೋರಿಸುತ್ತಿದ್ದ.

ಗಿಟ್‌ಗೆ ಒಂದು ಇಡೀ ದಿನ ಕೊಡುತ್ತೇನೆ. ಕಮಿಟ್ ಮಾಡುವುದು, ಅಂದರೆ ಬದಲಾವಣೆಯನ್ನು ದಾಖಲಿಸುವುದು, ಬೇಗ ಬರುತ್ತದೆ. ತೊಡಕಿರುವುದು ಪುಶ್ ಮಾಡುವಲ್ಲಿ, ಅಂದರೆ ಅದನ್ನು ಗಿಟ್‌ಹಬ್ ತಾಣಕ್ಕೆ ಕಳುಹಿಸುವಲ್ಲಿ. ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಟರ್ಮಿನಲ್ ಮೂಲಕ ಕೊಟ್ಟ ಖಾತೆಯ ಪಾಸ್‌ವರ್ಡನ್ನು ಒಪ್ಪುವುದಿಲ್ಲ. ಸರಿಯಾದ ಪಾಸ್‌ವರ್ಡ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲ, ಹಳೆಯ ವೀಡಿಯೊ ನೋಡಿ ಕಲಿತವರು ಇಲ್ಲೇ ಸಿಕ್ಕಿಬೀಳುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಟೋಕನ್ ಮಾಡಿಕೊಂಡು, ಪಾಸ್‌ವರ್ಡ್ ಕೇಳಿದಲ್ಲಿ ಅದನ್ನು ಹಾಕಬೇಕು. ಟೋಕನ್ ಒಂದೇ ಸಲ ಕಾಣಿಸುತ್ತದೆ, ಪುಟ ಮುಚ್ಚಿದರೆ ಹೊಸದೇ ಮಾಡಿಕೊಳ್ಳಬೇಕು. ಕೆಲವರು ಕಳೆದುಹೋದೀತೆಂದು ಅದನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೇ ಹಾಕುತ್ತಾರೆ. ಆಗ ಪಾಠ ನಿಲ್ಲಿಸಿ, ಆ ಟೋಕನ್ ರದ್ದು ಮಾಡಿಸಿ, ಯಾಕೆ ಎಂದು ಎಲ್ಲರಿಗೂ ವಿವರಿಸುತ್ತೇನೆ. ಸೈಬರ್ ಸುರಕ್ಷತೆಯ ಮೊದಲ ಪಾಠ ಹೀಗೆ ತಾನಾಗಿಯೇ ಆಗುತ್ತದೆ.

ಕಾಗದಪತ್ರದ ಕೆಲಸವನ್ನೂ ಓರಿಯೆಂಟೇಷನ್ನಿನ ಭಾಗ ಮಾಡಿಕೊಂಡಿದ್ದೇನೆ. ಅದು ಆಫೀಸಿನವರ ಕೆಲಸ ಎಂದು ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ. ರಾಜ್ಯ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅವಧಿ ಮುಗಿದಿದ್ದರೆ ನಾಡಕಚೇರಿಗೆ ಓಡಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಮೂರು ಖಾತೆ ಇದ್ದವರು ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಕೊಂಡು ಬರಬೇಕು. ಹೆಸರಿನ ತೊಂದರೆ ಇನ್ನೊಂದು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಶರಣಬಸಪ್ಪ, ಆಧಾರಿನಲ್ಲಿ ಶರಣಬಸವ, ಪಾಸ್‌ಬುಕ್ಕಿನಲ್ಲಿ ಬರೀ ಶರಣು. ಮೊದಲ ವಾರದಲ್ಲೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡಿಸುತ್ತೇವೆ. ಊರಿನ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಎಂದಾದರೂ ವಿಶ್ವವಿದ್ಯಾಲಯದ ಹೆಸರು ಗುಲಬರ್ಗಾ ಎಂದೇ ಇದೆ, ಅಂಕಪಟ್ಟಿಯಲ್ಲಿ ಇದ್ದ ಹಾಗೇ ಅರ್ಜಿಯಲ್ಲಿ ತುಂಬಿ ಎಂದು ಹೇಳಬೇಕಾಗುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲು. ಸೀಟು ಸಿಕ್ಕಿತು ಎಂದು ಆ ಕಾಗದವನ್ನು ಎಲ್ಲೋ ಬಿಸಾಡುವ ಮಕ್ಕಳಿದ್ದಾರೆ. ನಾಳೆ ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಅದೇ ಬೇಕು. ಮೂಲಪ್ರತಿ ಮನೆಯಲ್ಲಿರಲಿ, ಸ್ಕ್ಯಾನ್ ಪ್ರತಿ ಡ್ರೈವಿನಲ್ಲಿರಲಿ.

ಲೈಬ್ರರಿಗೆ ಒಂದು ಸುತ್ತು, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸುಗಳ ಪರಿಚಯ ಬೇಗ ಮುಗಿಯುತ್ತದೆ. ಪ್ರಾಜೆಕ್ಟ್ ವರದಿಯ ವಿಷಯ ಮಾತ್ರ ಆಗಲೇ ಹೇಳಿಡುತ್ತೇನೆ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದು ದಾಟಿ ಶೇ 40ರ ಒಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಹಿರಿಯರ ಹಳೆಯ ವರದಿಯನ್ನು ಪೆನ್‌ಡ್ರೈವಿನಲ್ಲಿ ಕೊಟ್ಟು ‘ಹೆಸರು ಬದಲಿಸಿಕೋ’ ಎನ್ನುವ ಪದ್ಧತಿಗೆ ಮೊದಲ ವಾರದಲ್ಲೇ ಕಡಿವಾಣ ಬೀಳಬೇಕು.

ಈ ಕೆಲಸದಲ್ಲಿ ನನಗೆ ಅತಿ ದೊಡ್ಡ ಆಸರೆ ಎರಡನೇ ವರ್ಷದ ವಿದ್ಯಾರ್ಥಿಗಳು. ಎಂಸಿಎ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯ ಸೀಟು ಹಂಚಿಕೆ ಒಂದೇ ಸುತ್ತಿನಲ್ಲಿ ಮುಗಿಯುವುದಿಲ್ಲ. ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರು ಬರುವ ಹೊತ್ತಿಗೆ ಓರಿಯೆಂಟೇಷನ್ ಮುಗಿದು ಪಾಠಗಳು ಮುಂದೆ ಹೋಗಿರುತ್ತವೆ, ಅವರಲ್ಲೇ ಹೆಚ್ಚಿನವರಿಗೆ ಈ ವಾರದ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುತ್ತದೆ. ಅದಕ್ಕೆ ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಡುತ್ತೇವೆ. ಹಿರಿಯರು ಅದೇ ಕೆಡಿಸಿದ ಪ್ರೋಗ್ರಾಂಗಳು, ಅದೇ ತೊಗರಿ ಫೈಲ್ ಹಿಡಿದು ಮೊದಲಿನಿಂದ ಮಾಡಿಸುತ್ತಾರೆ. ‘ಅಕ್ಕ, ಇದ್ಯಾಕ ಹಿಂಗ್ ಬರ್ಲಕತ್ತದ’ ಎಂದು ಅವರನ್ನು ಕೇಳುವುದು ನನ್ನನ್ನು ಕೇಳುವುದಕ್ಕಿಂತ ಸುಲಭ. ಮುಂದಿನ ವರ್ಷದಿಂದ ಈ ಶನಿವಾರಗಳನ್ನು ಟೈಮ್‌ಟೇಬಲ್ಲಿನಲ್ಲೇ ಸೇರಿಸಬೇಕು, ಹಿರಿಯರು ಕೊಡುವ ಹೊತ್ತನ್ನು ಅವರ ಲ್ಯಾಬ್ ಇಂಟರ್ನಲ್ ಅಂಕಗಳಲ್ಲಿ ಪರಿಗಣಿಸಬೇಕು ಎಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ.