ಏರ್‌ಬ್ರಷ್ ಮುಟ್ಟದೆ ಬರೆದ ಹರಿಕೇನ್

ಎರಡನೆಯ ಮಹಾಯುದ್ಧದ ಕಾಲದ ಪತ್ರಿಕೆಗಳ ಶೈಲಿಯ ವಿಮಾನಚಿತ್ರವನ್ನು ಗ್ವಾಶ್ (ನೀರಿನಲ್ಲಿ ಕಲಸುವ ದಟ್ಟ, ಅಪಾರದರ್ಶಕ ಬಣ್ಣ) ಮತ್ತು ಕುಂಚದಿಂದಲೇ ಬರೆಯುತ್ತೇನೆ ಎಂದಾಗ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲದೆ ಲೋಹದ ಹೊಳಪು ಬಾರದೆಂದು ಜೊತೆಯ ಕಲಾವಿದರೆಲ್ಲ ಹೇಳಿದ್ದರು. 1944ರಲ್ಲಿ ಇಂಫಾಲದಲ್ಲಿ ಹೋರಾಡಿದ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನ ಹರಿಕೇನ್ ಯುದ್ಧವಿಮಾನದ ಚಿತ್ರ ಈಗ ಮುಗಿದಿದೆ, ಹೊಳಪೂ ಬಂದಿದೆ.

ಮೊದಲಿನ ಹಾಳೆಗಳೆಲ್ಲ ಒಂದೇ ಕಾರಣಕ್ಕೆ ಕೆಟ್ಟವು. ಗ್ವಾಶ್ ಒಣಗಿದಾಗ ಗಾಢ ಛಾಯೆ ತಿಳಿಯಾಗುತ್ತದೆ, ತಿಳಿ ಛಾಯೆ ಮಂಕಾಗುತ್ತದೆ. ಹಸಿಯಲ್ಲಿ ಬೇರೆಬೇರೆಯಾಗಿ ಕಂಡ ರೆಕ್ಕೆ ಮತ್ತು ಒಡಲು ಬೆಳಗಾಗುವಷ್ಟರಲ್ಲಿ ಒಂದರಲ್ಲೊಂದು ಬೆರೆತಿರುತ್ತಿದ್ದವು. ತಿದ್ದಹೋದರೆ ಕೆಳಗಿನ ಪದರವೇ ಎದ್ದು ಕದಡುತ್ತಿತ್ತು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಕಾಗದಕ್ಕೇ ಐದಾರು ಸಾವಿರ ರೂಪಾಯಿ ಹೋಗಿರಬೇಕು.

ದಾರಿ ತೋರಿಸಿದ್ದು ಹಳೆಯ ಅಚ್ಚಿನ ವಿಧಾನ. ಒರಟು ಕಾಗದದ ಮೇಲೆ ಹಾಫ್‌ಟೋನ್ ಚುಕ್ಕಿಗಳು (ಅಚ್ಚಿನಲ್ಲಿ ಛಾಯೆ ಮೂಡಿಸುವ ಚಿಕ್ಕ-ದೊಡ್ಡ ಚುಕ್ಕಿಗಳು) ಹತ್ತಿರದ ಛಾಯೆಗಳ ಅಂತರವನ್ನು ಅಳಿಸಿಬಿಡುವುದರಿಂದ, ಅಚ್ಚಿನ ಬ್ಲಾಕಿಗಾಗಿ ಬರೆಯುವವನಿಗೆ ಪರಸ್ಪರ ದೂರವಿರುವ ಕೆಲವೇ ಛಾಯೆಗಳು ಸಾಕು. ನಾನು ಐದು ಬೂದುಬಣ್ಣಗಳನ್ನು ಒಮ್ಮೆಲೇ ಕಲಸಿ ಸೀಸೆಗಳಲ್ಲಿಟ್ಟೆ; ಪರೀಕ್ಷೆಗೆಂದು ಕಾಗದದ ಪಟ್ಟಿಯ ಮೇಲೆ ಬಳಿದು ಪೂರ್ತಿ ಒಣಗಿದ ಮೇಲೆಯೇ ಅವುಗಳನ್ನು ಒಪ್ಪಿಕೊಂಡೆ. ಕಪ್ಪಿಗೆ ಬಿಳಿ ಬೆರೆಸಿದರೆ ನೀಲಿಯತ್ತ ವಾಲುವುದರಿಂದ ಬರ್ಂಟ್ ಅಂಬರ್ ಎಂಬ ಕಂದು ಬಣ್ಣ ಸೇರಿಸುತ್ತೇನೆ. ಪ್ರಮಾಣವನ್ನೂ, ಪದರ ಏಳದಂತೆ ಹಾಕುವ ಇನ್ನೊಂದು ವಸ್ತುವನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಹರಿಕೇನಿನ ಮುಂಭಾಗಕ್ಕೆ ಲೋಹದ ತಗಡು, ಪೈಲಟ್ ಕೂರುವ ಜಾಗದ ಹಿಂದೆ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ಏರ್‌ಬ್ರಷ್ ಎರಡಕ್ಕೂ ಒಂದೇ ನುಣುಪು ಕೊಡುತ್ತದೆ ಎಂಬುದೇ ಅದರ ಮೇಲೆ ನನಗಿರುವ ದೊಡ್ಡ ಆಕ್ಷೇಪ. ತಗಡಿನ ಮೇಲೆ ಎರಡು ಛಾಯೆಗಳನ್ನು ನಡುವೆ ಬೆರೆಸದೆ ಗಟ್ಟಿ ಅಂಚಿನಲ್ಲಿ ನಿಲ್ಲಿಸಿದೆ. ಬಟ್ಟೆಯ ಏಣುಗಳನ್ನು ಅರೆಒಣ ಕುಂಚದಿಂದ ಉದ್ದಕ್ಕೆ ಎಳೆದೆ. ಹೊಳಪು ಬಂದದ್ದು ಈ ವ್ಯತ್ಯಾಸದಿಂದ. ಜಪಾನಿ ವಿಮಾನದ ಕೆಂಪು ಸೂರ್ಯನೊಡನೆ ಗೊಂದಲವಾಗಬಾರದೆಂದು ಬರ್ಮಾ ರಂಗದ ವಿಮಾನಗಳ ವೃತ್ತಲಾಂಛನದಿಂದ ಕೆಂಪನ್ನೇ ತೆಗೆದಿದ್ದರಾದ್ದರಿಂದ, ಅದಕ್ಕೆ ನಾಲ್ಕನೆಯ ಮತ್ತು ಎರಡನೆಯ ಬೂದು ಸಾಕಾದವು.

ನಡುವೆ ತಿರುಗುವ ಪ್ರೊಪೆಲ್ಲರನ್ನು ಬ್ಲೇಡಿನಿಂದ ಕೆರೆದು ತೋರಿಸುವ ಪ್ರಯೋಗವನ್ನೂ ಮಾಡಿದೆ. ಹತ್ತಿಕಾಗದದ ನಾರು ಎದ್ದಿತು. ನುಣುಪಾದ ಬೋರ್ಡಿನ ಮೇಲೆ ಮಾತ್ರ ಅದು ಚೆನ್ನಾಗಿ ಬರುತ್ತದೆ.

ಚಿತ್ರ ಹದಿನೈದು ಸಾವಿರದ ಆಸುಪಾಸಿಗೆ ಮಾರಾಟವಾಯಿತು, ಹಾಳಾದ ಕಾಗದದ ದುಡ್ಡೂ ಹುಟ್ಟಿತು. ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿಯಾಗುತ್ತಿದ್ದ ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನವನ್ನು ಈಗ ಕೈಗೆತ್ತಿಕೊಂಡಿದ್ದೇನೆ. ನೀರಿನ ಪ್ರತಿಫಲನ ಬೀಳುವ ಅದರ ಅಡಿಭಾಗಕ್ಕೆ ಆರನೆಯ ಬೂದೊಂದನ್ನು ಕಲಸಬೇಕಾಗಿದೆ.